ಜುಲೈಯಲ್ಲೇ ಊರಿಗೆ ಬರುವವರಿಗೆ: ಮಂಗಳೂರು ರಸ್ತೆಯ ಹೊಂಡ ಹುಟ್ಟುದು ಹೇಗೆ, ಮುಚ್ಚುದು ಯಾವಾಗ

ಏರ್‌ಪೋರ್ಟಿಂದ ಟ್ಯಾಕ್ಸಿ ಹತ್ತಿ ಅರ್ಧ ಗಂಟೆ ಆಗಿರ್ಲಿಲ್ಲ, ಶಾರ್ಜಾದಲ್ಲೇ ಹುಟ್ಟಿ ಬೆಳೆದ ನನ್ನ ಒಂಬತ್ತು ವರ್ಷದ ಮಗ ಕೇಳಿದ, "ಅಪ್ಪ, ಇವ್ರು ಯಾಕೆ ರೋಡ್ ಮಧ್ಯದಲ್ಲಿ ಗಿಡ ನೆಟ್ಟಿದ್ದಾರೆ?" ನೋಡಿದ್ರೆ ಗಿಡ ಅಲ್ಲ, ಯಾರೋ ಪುಣ್ಯಾತ್ಮರು ಹೊಂಡದ ಒಳಗೆ ಮಾವಿನ ಗೆಲ್ಲು ಸಿಕ್ಕಿಸಿ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ, ಸುತ್ತ ಚಾದ ಬಣ್ಣದ ನೀರು. ಎಷ್ಟು ಆಳ ಅಂತ ಗೊತ್ತಾಗುದಿಲ್ಲ. ಡ್ರೈವರ್ ಸ್ಟೇರಿಂಗ್ ತಿರುಗಿಸ್ತಾ "ಎಂತ ಮಾಡುದು ಸರ್, ಮಳೆ ಅಲ್ವಾ" ಅಂದ್ರು.

ಮಳೆ ಅಲ್ವಾ ಅಂತ ನಾವೆಲ್ಲ ಹೇಳ್ತೇವೆ. ಆದ್ರೆ ಮಳೆಗೂ ಹೊಂಡಕ್ಕೂ ನಡುವೆ ಎಂತ ನಡೀತದೆ, ದುಬೈಯಲ್ಲಿ ಯಾಕೆ ಹಾಗಾಗುದಿಲ್ಲ, ಹೊರಗೆ ಕೂತವರು ಇದಕ್ಕೆ ಏನಾದ್ರೂ ಮಾಡ್ಲಿಕ್ಕೆ ಆಗ್ತದಾ ಅಂತ ನನಗೂ ಸರಿಯಾಗಿ ಗೊತ್ತಿರ್ಲಿಲ್ಲ. ಕಳೆದ ಸಲ ರಜೆಯಲ್ಲಿ ಕಾರಿನ ಟಯರ್ ಒಂದು ಹೋಯ್ತು, ಆಮೇಲೆ ಕೂತು ಒಂದೊಂದೇ ತಿಳ್ಕೊಂಡೆ. ಆ ಟಯರಿನ ಕಥೆ ಕೊನೆಗೆ ಹೇಳ್ತೇನೆ.

ಮೊದಲೇ ಒಂದು ಮಾತು. ಗಲ್ಫಿನಲ್ಲಿ ಶಾಲೆಗೆ ದೊಡ್ಡ ರಜೆ ಸಿಗುದು ಜುಲೈ, ಆಗಸ್ಟಲ್ಲಿ, ಹಾಗಾಗಿ ಫ್ಯಾಮಿಲಿ ಕಟ್ಕೊಂಡು ಊರಿಗೆ ಬರುವ ನಮ್ಮಂಥವರು ಮಂಗಳೂರು, ಉಡುಪಿಯ ರಸ್ತೆಯನ್ನು ನೋಡುದೇ ಆಟಿ ತಿಂಗಳ ಆಸುಪಾಸು, ಅಂದ್ರೆ ವರ್ಷದಲ್ಲೇ ಅದು ಅತಿ ಕೆಟ್ಟು ಹೋಗಿರುವ ಹೊತ್ತಿಗೆ. ನಾವು ಬೈದು, ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿ, ಸೆಪ್ಟೆಂಬರಲ್ಲಿ ವಾಪಸ್ ಹೋಗ್ತೇವೆ. ರಸ್ತೆ ಕೆಲಸ ಶುರು ಆಗುದು ಅದರ ನಂತರ.

ಚಿಕ್ಕಿ ಮತ್ತು ಡಾಮರು

ರಸ್ತೆ ಅಂದ್ರೆ ಮೇಲೆ ಕಾಣುವ ಕಪ್ಪು ಪದರ ಮಾತ್ರ ಅಲ್ಲ. ಎಲ್ಲಕ್ಕಿಂತ ಕೆಳಗೆ ಗಟ್ಟಿ ಮಾಡಿದ ಮಣ್ಣು, ಅದರ ಮೇಲೆ ಒರಟು ಜಲ್ಲಿ, ಅದರ ಮೇಲೆ ನೀರು ಹಾಕಿ ಕಲಸಿದ ಜಲ್ಲಿ ಮತ್ತು ಪುಡಿಯ ಪದರ (ಕಂತ್ರಾಟುದಾರರು ವೆಟ್ ಮಿಕ್ಸ್ ಅಂತಾರೆ), ಅದರ ಮೇಲೆ ಡಾಮರಿನ ಒಂದೋ ಎರಡೋ ಪದರ. ಭಾರ ಹೊರುವ ಕೆಲಸದ ಹೆಚ್ಚಿನ ಪಾಲು ಕೆಳಗಿನವುಗಳದ್ದು. ಮೇಲಿನ ಡಾಮರು ಭಾರ ಹಂಚ್ತದೆ, ಅದಕ್ಕಿಂತ ಮುಖ್ಯವಾಗಿ ನಮ್ಮ ಹಂಚಿನ ಮಾಡಿನ ಹಾಗೆ ನೀರು ಒಳಗೆ ಹೋಗದ ಹಾಗೆ ತಡೀತದೆ. ಮಾಡು ಸೋರಿದ ಮನೆಯ ಗೋಡೆ ಎಂತಾಗ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿ ಕೊಡ್ಬೇಕಾಗಿಲ್ಲ.

ಡಾಮರು ಪದರವನ್ನು ಶೇಂಗಾ ಚಿಕ್ಕಿ ಅಂತ ತಿಳ್ಕೊಳ್ಳಿ. ಜಲ್ಲಿ ಅಂದ್ರೆ ಶೇಂಗಾ, ಡಾಮರು ಅಂದ್ರೆ ಬೆಲ್ಲದ ಪಾಕ. ಒಣಗಿದಾಗ ಕಲ್ಲಿನ ಹಾಗೆ ಗಟ್ಟಿ. ಅದೇ ಚಿಕ್ಕಿಯನ್ನು ಜುಲೈಯಲ್ಲಿ ಡಬ್ಬಿ ಮುಚ್ಚದೆ ಎರಡು ದಿನ ಇಟ್ಟು ನೋಡಿ, ಪಾಕ ಬಿಟ್ಕೊಂಡು ಶೇಂಗಾ ಒಂದೊಂದೇ ಕೈಗೆ ಬರ್ತದೆ. ಡಾಮರು ಬೆಲ್ಲದ ಹಾಗೆ ನೀರಲ್ಲಿ ಕರಗುದಿಲ್ಲ ನಿಜ, ಆದ್ರೆ ಜಲ್ಲಿಗೂ ಡಾಮರಿಗೂ ಮಧ್ಯೆ ನೀರು ತೂರಿಕೊಂಡ್ರೆ ಹಿಡಿತ ಬಿಡ್ತದೆ.

ಹೊಂಡ ಹುಟ್ಟುದು ಕೂದಲೆಳೆಯಷ್ಟು ಬಿರುಕಿಂದ. ಬಿರುಕಿನ ಮೂಲಕ ನೀರು ಇಳೀತದೆ, ಕೆಳಗಿನ ಪದರ ಮೆತ್ತಗಾಗ್ತದೆ, ಅದರ ಮೇಲೆ ಬಸ್ಸಿನ ಚಕ್ರ ಬಂದಾಗ ಒಳಗಿನ ನೀರಿಗೆ ಹೋಗ್ಲಿಕ್ಕೆ ಜಾಗ ಇಲ್ಲದೆ ಒತ್ತಡದಲ್ಲಿ ಪಿಚಕ್ಕನೆ ಮೇಲೆ ಬರ್ತದೆ, ಬರುವಾಗ ಸಣ್ಣ ಮಣ್ಣು, ಪುಡಿ ಎಲ್ಲ ತಗೊಂಡು ಬರ್ತದೆ. ಪ್ರತಿ ಚಕ್ರಕ್ಕೂ ಒಂದು ಸಲ ಪಂಪ್ ಹೊಡೆದ ಹಾಗೆ. ಒಳಗೆ ಟೊಳ್ಳಾಗ್ತದೆ, ಮೇಲಿನ ಡಾಮರು ಸೇತುವೆ ಹಾಗೆ ನಾಲ್ಕು ದಿನ ನಿಂತು ಒಂದು ದಿನ ಕುಸೀತದೆ. "ನಿನ್ನೆ ಇರ್ಲಿಲ್ಲ, ಇವತ್ತು ಇಷ್ಟು ದೊಡ್ಡ ಹೊಂಡ" ಅಂತ ನಾವು ಆಶ್ಚರ್ಯ ಪಡುದು ಇದಕ್ಕೇ. ಅದು ಒಳಗಿಂದೊಳಗೆ ವಾರಗಟ್ಟಲೆ ಬೆಳೀತಾ ಇತ್ತು.

ಹಾಗಾದ್ರೆ ಮಳೆ ಬೀಳುದೇ ತಪ್ಪಾ? ಅಲ್ಲ, ಬಿದ್ದ ನೀರು ನಿಲ್ಲುದು ತಪ್ಪು. ರಸ್ತೆಯನ್ನು ನಡುವಿಂದ ಅಂಚಿಗೆ ಸ್ವಲ್ಪ ಇಳಿಜಾರು ಮಾಡ್ತಾರೆ, ಜಾಸ್ತಿ ಮಳೆಯ ಕಡೆ ನೂರು ಅಡಿಗೆ ಎರಡೂವರೆ ಅಡಿ ಲೆಕ್ಕದಲ್ಲಿ. ನೀರು ಅಂಚಿಗೆ ಬಂದು ಚರಂಡಿಗೆ, ಅಲ್ಲಿಂದ ತೋಡಿಗೆ ಹೋಗ್ಬೇಕು. ಅಂಚಲ್ಲಿ ಮಣ್ಣು, ಹುಲ್ಲು ಎತ್ತರ ಬೆಳೆದು ನಿಂತ್ರೆ, ಇಲ್ಲ ಯಾರೋ ಗೇಟಿನ ಎದುರು ಚರಂಡಿ ಮುಚ್ಚಿ ಕಾಂಕ್ರೀಟ್ ಹಾಕಿದ್ರೆ ಮುಗೀತು, ನೀರು ಅಲ್ಲೇ ಕೆರೆ ಕಟ್ತದೆ. ನಿಮ್ಮ ಏರಿಯಾದಲ್ಲಿ ಪ್ರತಿ ವರ್ಷ ಅದೇ ಜಾಗದಲ್ಲೇ ಹೊಂಡ ಬೀಳ್ತಾ ಉಂಟಾ? ಹಾಗಿದ್ರೆ ಹೊಂಡ ನೋಡ್ಬೇಡಿ, ಅದರ ಪಕ್ಕದ ಚರಂಡಿ ನೋಡಿ.

ನಮ್ಮ ಮಣ್ಣಿಗೂ ಇದರಲ್ಲಿ ಪಾಲುಂಟು. ಮೇಲೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಅದು ಗಟ್ಟಿ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣ್ಣಗಿನ ಶೇಡಿ ಮಣ್ಣು. ಬಾವಿ ತೋಡಿಸಿದವರು ನೋಡಿರ್ತೀರಿ, ಒಣಗಿದಾಗ ಪಿಕಾಸಿಗೂ ಬಗ್ಗುದಿಲ್ಲ, ಒದ್ದೆ ಆದ್ರೆ ಬೆಣ್ಣೆ. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಮುರಕಲ್ಲಿನ ಪದರ ಹೋಗಿ ರಸ್ತೆ ನೇರ ಶೇಡಿ ಮೇಲೆ ಕೂತಿದ್ದರೆ ನೀರು ಇಳಿದ ಕೂಡ್ಲೇ ಬುಡವೇ ಸಡಿಲ. ಮಳೆಗಾಲದಲ್ಲಿ ರಸ್ತೆ ಬದಿಯ ಗುಡ್ಡ ಜರಿಯುದರ ಹಿಂದೆಯೂ ಹೆಚ್ಚಾಗಿ ಇದೇ ಮಣ್ಣು.

ದುಬೈ ರಸ್ತೆಗೆ ಯಾಕೆ ಹೊಂಡ ಬೀಳುದಿಲ್ಲ

ಇದು ಪ್ರತಿ ಮದುವೆ ಊಟದಲ್ಲೂ ಬರುವ ಪ್ರಶ್ನೆ. ಅಲ್ಲಿಯ ಕೆಲಸದ ಗುಣಮಟ್ಟ, ಮೇಲ್ವಿಚಾರಣೆ, ಖರ್ಚು ಮಾಡುವ ದುಡ್ಡು ಎಲ್ಲ ಹೌದು. ಆದ್ರೆ ಮಳೆಯ ಲೆಕ್ಕವನ್ನೂ ಎದುರಿಗೆ ಇಟ್ಕೊಳ್ಳಿ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರ ಬಹುಪಾಲು ಜೂನಿಂದ ಸೆಪ್ಟೆಂಬರ್ ಒಳಗೆ. ದುಬೈಗೆ ವರ್ಷಕ್ಕೆ ಸುಮಾರು 100. ಅಲ್ಲಿ ಮೂವತ್ತು ವರ್ಷದಲ್ಲಿ ಬೀಳುವುದಕ್ಕಿಂತ ಜಾಸ್ತಿ ಇಲ್ಲಿ ಒಂದೇ ಮಳೆಗಾಲದಲ್ಲಿ.

2024ರ ಏಪ್ರಿಲ್ 16 ನೆನಪುಂಟಲ್ವಾ? ಅಲ್ಲಿದ್ದವರಿಗೆ ಮರೆಯುವ ಹಾಗೇ ಇಲ್ಲ. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದ ಒಳಗೆ 254.8 ಮಿಲಿಮೀಟರ್, ಯುಎಇಯಲ್ಲಿ ದಾಖಲೆ ಇಡ್ಲಿಕ್ಕೆ ಶುರು ಮಾಡಿದ ಮೇಲಿನ ಅತಿ ದೊಡ್ಡ ಮಳೆ. ದುಬೈ ಹೆದ್ದಾರಿಯಲ್ಲೇ ಕಾರುಗಳು ತೇಲಿದವು. ಕರಾವಳಿಯಲ್ಲಿ ಅಷ್ಟು ಮಳೆ ಬಿದ್ರೆ ಶಾಲೆಗೆ ರಜೆ ಕೊಡ್ತಾರೆ, ಮರುದಿನ ಬಸ್ ಓಡ್ತದೆ. ಹಾಗಂತ ನಮ್ಮದೇ ಸರಿ ಅಂತಲ್ಲ ಮಾರಾಯ್ರೆ, ಯಾವ ಊರಿನ ರಸ್ತೆಗೆ ಯಾವ ಶತ್ರು ಅನ್ನುದು ಬೇರೆ ಬೇರೆ. ಗಲ್ಫ್ ರಸ್ತೆಯ ಶತ್ರು ಬಿಸಿಲು. ಅಲ್ಲಿಯ ಸೆಕೆಗೆ ಡಾಮರು ಮೆತ್ತಗಾಗಿ ಲಾರಿ ಚಕ್ರ ಹೋಗುವ ಸಾಲಲ್ಲಿ ಉದ್ದಕ್ಕೆ ತಗ್ಗು ಬೀಳ್ತದೆ, ಅದಕ್ಕೆ ಪಾಲಿಮರ್ ಸೇರಿಸಿದ ಡಾಮರು ಬಳಸ್ತಾರೆ. ಲಂಡನ್ನಲ್ಲಿರುವ ನನ್ನ ಭಾವನ ಊರಲ್ಲೂ ಹೊಂಡ ಉಂಟು, ಅಲ್ಲಿಯ ಶತ್ರು ಚಳಿ. ಬಿರುಕಲ್ಲಿ ನಿಂತ ನೀರು ಮಂಜುಗಡ್ಡೆ ಆಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗಿ ಬಿರುಕನ್ನು ಅಗಲ ಮಾಡ್ತದೆ. ಅವರೂ ಬೈಯುದು ಕಡಿಮೆ ಏನಲ್ಲ.

ಲಾರಿಯ ಲೆಕ್ಕ

ರಸ್ತೆ ಹಾಳಾಗುದಕ್ಕೆ ನಮ್ಮ ಕಾರು, ಸ್ಕೂಟರ್ ಕಾರಣವೇ ಅಲ್ಲ ಅಂದ್ರೂ ಆಗ್ತದೆ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ ಸುಮಾರು ಎರಡು ವರ್ಷ ಬೇರೆ ಬೇರೆ ತೂಕದ ಲಾರಿಗಳನ್ನು ಪರೀಕ್ಷೆಯ ರಸ್ತೆ ಮೇಲೆ ಓಡಿಸಿ ಓಡಿಸಿ ನೋಡಿದ್ರು. ಅದರಿಂದ ಸಿಕ್ಕಿದ ಅಂದಾಜು ಸೂತ್ರ ಏನಂದ್ರೆ, ಒಂದು ಆಕ್ಸಲ್ (ಎರಡು ಬದಿಯ ಚಕ್ರ ಸೇರಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದ್ರೆ ಹಾನಿ ಎರಡು ಪಟ್ಟಲ್ಲ, ಹದಿನಾರು ಪಟ್ಟು. ನಾಲ್ಕು ಎರಡುಗಳನ್ನು ಒಂದಕ್ಕೊಂದು ಗುಣಿಸಿದ ಹಾಗೆ (2×2×2×2).

2018ರಲ್ಲಿ ನಮ್ಮ ದೇಶದಲ್ಲಿ ನಾಲ್ಕು ಟಯರಿನ ಒಂಟಿ ಆಕ್ಸಲಿಗೆ ಹಾಕ್ಬಹುದಾದ ಭಾರವನ್ನು 10.2 ಟನ್ನಿಂದ 11.5 ಟನ್ನಿಗೆ ಏರಿಸಿದ್ರು. ಕೇಳ್ಲಿಕ್ಕೆ ಸಣ್ಣದು, ಹದಿಮೂರು ಪರ್ಸೆಂಟ್ ಅಷ್ಟೇ. ಆದ್ರೆ ಮೇಲಿನ ಸೂತ್ರ ಹಾಕಿದ್ರೆ ರಸ್ತೆಗೆ ಹಾನಿ ಸುಮಾರು 60 ಪರ್ಸೆಂಟ್ ಜಾಸ್ತಿ. ಅದು ಕಾನೂನು ಪ್ರಕಾರ ಹೋಗುವ ಲಾರಿಯದ್ದು, ಓವರ್‌ಲೋಡ್ ಲೆಕ್ಕ ಬೇರೆ. ಪಣಂಬೂರಲ್ಲಿ ಬಂದರು, ಬೈಕಂಪಾಡಿಯಲ್ಲಿ ಕೈಗಾರಿಕೆ, ಆಚೆ ರಿಫೈನರಿಯ ಟ್ಯಾಂಕರ್, ಎಲ್ಲ ಸೇರಿ ಸುರತ್ಕಲ್, ಕೂಳೂರು, ನಂತೂರು, ಪಂಪ್‌ವೆಲ್ ಅಂತ ಒಂದೇ ಹೆದ್ದಾರಿಯಲ್ಲಿ ಸುರೀತದೆ. ಅದರ ಮೇಲೆ ಸರ್ಕಲಲ್ಲಿ ಬ್ರೇಕ್ ಹಾಕಿ ನಿಂತು ಮತ್ತೆ ಎಳ್ಕೊಂಡು ಹೊರಡುವಾಗ ಡಾಮರನ್ನು ಅಡ್ಡಕ್ಕೆ ತಳ್ತದೆ. ಹಾಗಾಗಿ ಜಂಕ್ಷನಿನ ಮೂಲೆಗಳೇ ಮೊದಲು ಹೋಗುದು.

ಕಾಂಕ್ರೀಟ್ ಹಾಕಿದ್ರೆ ಮುಗೀತಾ?

ಮಂಗಳೂರಿನ ಒಳಗೆ ಬಹಳಷ್ಟು ರಸ್ತೆ ಈಗ ಕಾಂಕ್ರೀಟ್. ನೀರಿಗೆ ಹೆದರುದಿಲ್ಲ, ಮಳೆ ಊರಿಗೆ ಹೇಳಿ ಮಾಡಿಸಿದ್ದು. ಖರ್ಚು ಜಾಸ್ತಿ, ಪೂರ್ತಿ ಗಟ್ಟಿ ಬರ್ಲಿಕ್ಕೆ 28 ದಿನ ನೀರುಣಿಸಿ ಕಾಯ್ಬೇಕು, ಅಷ್ಟು ದಿನ ಅಂಗಡಿಯವರ ಮುಖ ನೋಡ್ಲಿಕ್ಕಾಗುದಿಲ್ಲ. ಇನ್ನೊಂದು, ಹಳೆ ರಸ್ತೆ ಮೇಲೆಯೇ ಕಾಂಕ್ರೀಟ್ ಹಾಕಿದ್ರೆ ರಸ್ತೆ ಎತ್ತರ ಆಗಿ ಬದಿಯ ಮನೆಗಳು ತಗ್ಗಿಗೆ ಬೀಳ್ತವೆ. ಅಂಚಿಗೆ ಇಂಟರ್‌ಲಾಕ್ ಹಾಕದೆ ಬಿಟ್ರೆ ಅಲ್ಲಿ ಮುಕ್ಕಾಲು ಅಡಿ ಮೆಟ್ಟಿಲು, ಬಸ್ಸಿಗೆ ಸೈಡ್ ಕೊಡ್ಲಿಕ್ಕೆ ಹೋಗಿ ಸ್ಕೂಟರಿನವರು ಬೀಳುದು ಅಲ್ಲೇ. ಕಾಂಕ್ರೀಟ್ ಮುಗಿದು ಡಾಮರು ಶುರು ಆಗುವ ಗೆರೆ ಉಂಟಲ್ಲ, ಅಲ್ಲಿ ಯಾವಾಗ್ಲೂ ಒಂದು ಹೊಂಡ ಗ್ಯಾರಂಟಿ, ಗಟ್ಟಿ ಅಂಚಿಂದ ಚಕ್ರ ಮೆತ್ತಗಿನದ್ದಕ್ಕೆ ಧುಮುಕ್ತದೆ, ಸಂದಿಯಿಂದ ನೀರೂ ಇಳೀತದೆ.

ಆಮೇಲೆ ಅಗೆಯುದು. ಕುಡಿಯುವ ನೀರು, ಒಳಚರಂಡಿ, ಗ್ಯಾಸ್ ಪೈಪ್, ಕೇಬಲ್, ಎಲ್ಲದಕ್ಕೂ ರಸ್ತೆಯ ಹೊಟ್ಟೆಯೇ ಬೇಕು. ಅಗೆದದ್ದು ತಪ್ಪಲ್ಲ, ಮುಚ್ಚುವ ಕ್ರಮದಲ್ಲಿ ಉಂಟು ವಿಷಯ. ಅಕ್ಕಿಹಿಟ್ಟು ಡಬ್ಬಿಗೆ ತುಂಬಿಸುವಾಗ ಅಮ್ಮಂದಿರು ಎಂತ ಮಾಡ್ತಾರೆ, ಸ್ವಲ್ಪ ಹಾಕಿ ಡಬ್ಬಿ ಕುಟ್ಟಿ, ಮತ್ತೆ ಸ್ವಲ್ಪ ಹಾಕಿ ಕುಟ್ಟಿ. ಕುಟ್ಟದೆ ಒಂದೇ ಸಲ ಸುರಿದ್ರೆ ಎರಡು ದಿನದಲ್ಲಿ ಹಿಟ್ಟು ಇಳಿದು ಡಬ್ಬಿ ಅರ್ಧ ಖಾಲಿ ಕಾಣ್ತದೆ. ರಸ್ತೆಯ ಕಣಿಯೂ ಅಷ್ಟೇ, ಪದರ ಪದರವಾಗಿ ತುಂಬಿ ದಮ್ಮಸು ಮಾಡ್ಬೇಕು, ಇಲ್ಲದಿದ್ರೆ ಮೊದಲ ಮಳೆಗೆ ಪೈಪ್ ಹೋದ ದಾರಿಯುದ್ದಕ್ಕೂ ತಗ್ಗು.

ಇದು ಯಾರ ರಸ್ತೆ?

ದೂರು ಕೊಡುವ ಮೊದಲು ಇದು ಗೊತ್ತಿರ್ಬೇಕು, ಯಾಕಂದ್ರೆ ತಪ್ಪು ಕಚೇರಿಗೆ ಹೋದ ದೂರು "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ವಾಪಸ್ ಬರ್ಲಿಕ್ಕೇ ಎಷ್ಟೋ ದಿನ ತಗೊಳ್ತದೆ.

ಊರೊಳಗೆ ಉಂಟು ಅಂತ ಮಾತ್ರಕ್ಕೆ ಅದು ಪಾಲಿಕೆ ರಸ್ತೆ ಅಲ್ಲ. ತೊಕ್ಕೊಟ್ಟು, ಪಂಪ್‌ವೆಲ್, ನಂತೂರು, ಕೆಪಿಟಿ, ಸುರತ್ಕಲ್ ಆಗಿ ಉಡುಪಿಗೆ ಹೋಗುದು ರಾಷ್ಟ್ರೀಯ ಹೆದ್ದಾರಿ 66, ಹಳಬರ ಬಾಯಲ್ಲಿ ಈಗ್ಲೂ 17. ಪಡೀಲಿಂದ ಬಿ.ಸಿ.ರೋಡ್ ಕಡೆಗೆ 73, ಅಲ್ಲಿಂದ ಶಿರಾಡಿ ಹತ್ತುದು 75. ಕುಲಶೇಖರ, ಮೂಡುಬಿದಿರೆ ಕಡೆಗೆ 169. ಉಡುಪಿಯವರಿಗೆ ಕಲ್ಸಂಕ, ಇಂದ್ರಾಳಿ, ಮಣಿಪಾಲ ಅಂದ್ರೆ ಪೂರ್ತಿ ಪೇಟೆ ರಸ್ತೆ, ಆದ್ರೆ ಅದು ಮಲ್ಪೆಯಿಂದ ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿ 169ಎ. ಹೆದ್ದಾರಿಗಳಲ್ಲೂ ಕೆಲವನ್ನು ಹೆದ್ದಾರಿ ಪ್ರಾಧಿಕಾರ ನೋಡ್ಕೊಳ್ತದೆ, ಕೆಲವನ್ನು ಲೋಕೋಪಯೋಗಿ ಇಲಾಖೆಯದ್ದೇ ರಾಷ್ಟ್ರೀಯ ಹೆದ್ದಾರಿ ವಿಭಾಗ. ಉಳಿದ ಒಳರಸ್ತೆ ಮಂಗಳೂರಲ್ಲಿ ಪಾಲಿಕೆಯದ್ದು, ಉಡುಪಿಯಲ್ಲಿ ನಗರಸಭೆಯದ್ದು, ಹಳ್ಳಿ ಕಡೆ ಪಂಚಾಯತ್ ಅಥವಾ ಲೋಕೋಪಯೋಗಿಯದ್ದು.

ಗುರುತು ಹಿಡೀಲಿಕ್ಕೆ ಸುಲಭದ ಉಪಾಯ ಮೈಲಿಗಲ್ಲು. ತಲೆ ಹಳದಿ ಆದ್ರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಆದ್ರೆ ರಾಜ್ಯ ಹೆದ್ದಾರಿ, ಕಿತ್ತಳೆ ಆದ್ರೆ ಗ್ರಾಮೀಣ ರಸ್ತೆ.

ಹೊಂಡಕ್ಕೂ ಒಂದು ಕ್ಯಾಲೆಂಡರ್ ಉಂಟು

ಡಾಮರು ಮತ್ತು ಜಲ್ಲಿಯನ್ನು 150 ಡಿಗ್ರಿ ಆಚೀಚೆ ಕಾಯಿಸಿ ಕಲಸಿ, ಬಿಸಿ ಆರುವ ಮೊದಲು ಒಣಗಿದ ನೆಲದ ಮೇಲೆ ಹರಡಿ ರೋಲರ್ ಹೊಡೀಬೇಕು. ಒದ್ದೆ ನೆಲಕ್ಕೆ ಹಾಕಿದ್ರೆ ಒದ್ದೆ ಕಾವಲಿಗೆ ದೋಸೆ ಹೊಯ್ದ ಹಾಗೆ. ಜುಲೈಯಲ್ಲಿ ನಮ್ಮ ನೆಲ ಒಣಗುದು ಯಾವಾಗ? ಹಾಗಾಗಿ ಮಳೆಗಾಲದಲ್ಲಿ ಮಾಡುದೆಲ್ಲ ತಾತ್ಕಾಲಿಕ. ಹೊಂಡಕ್ಕೆ ವೆಟ್ ಮಿಕ್ಸ್ ಸುರೀತಾರೆ, ಅದು ಮುಂದಿನ ಜೋರು ಮಳೆವರೆಗೆ. ಚೀಲದಲ್ಲಿ ಬರುವ ಕೋಲ್ಡ್ ಮಿಕ್ಸ್ ಅಂತ ಉಂಟು, ಬಿಸಿ ಮಾಡ್ಬೇಕಾಗಿಲ್ಲ, ಸ್ವಲ್ಪ ಹೆಚ್ಚು ದಿನ ನಿಲ್ತದೆ, ರೇಟೂ ಹೆಚ್ಚು. ಸರಿಯಾದ ಪ್ಯಾಚ್ ಅಂದ್ರೆ ಹೊಂಡದ ಸುತ್ತ ಗಟ್ಟಿ ಭಾಗ ಸಿಗುವವರೆಗೆ ಚೌಕವಾಗಿ ಕತ್ತರಿಸಿ, ಗುಡಿಸಿ, ತಳಕ್ಕೂ ಅಂಚಿಗೂ ತೆಳು ಡಾಮರು ಬಳಿದು, ಆಮೇಲೆ ತುಂಬಿ ರೋಲರ್ ಹೊಡೆಯುದು. ಉರುಟು ಪ್ಯಾಚ್ ಕಂಡ್ರೆ ಕತ್ತರಿಸಿಲ್ಲ ಅಂತ ತಿಳ್ಕೊಳ್ಬಹುದು.

ಇದೆಲ್ಲ ಆಗುದು ಅಕ್ಟೋಬರ್ ಕೊನೆಯಿಂದ ಮೇವರೆಗೆ. ಸರ್ಕಾರದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುದರಿಂದ ಫೆಬ್ರವರಿ, ಮಾರ್ಚಲ್ಲಿ ಜಲ್ಲಿ ಲಾರಿಗಳ ಓಡಾಟ ಜೋರು. ಅಂದ್ರೆ ನಾವು ಹೊರಗಿರುವವರು ದೂರು ಹೇಳ್ಬೇಕಾದದ್ದು ಜುಲೈಯಲ್ಲಿ ಊರಲ್ಲಿ ನಿಂತು ಅಲ್ಲ, ನವೆಂಬರ್, ಡಿಸೆಂಬರಲ್ಲಿ ಅಲ್ಲಿಯೇ ಕೂತು. ಜುಲೈಯಲ್ಲಿ ಮಾಡ್ಬೇಕಾದದ್ದು ಸಾಕ್ಷಿ ಸಂಗ್ರಹ: ನೀರು ನಿಂತಿರುವ ಫೋಟೋ, ಪಕ್ಕದಲ್ಲಿ ಅಳತೆಗೆ ಒಂದು ಕೊಡೆ, ಹಿಂದೆ ಗುರುತಿಗೆ ಬಸ್‌ಸ್ಟ್ಯಾಂಡೋ ದೈವಸ್ಥಾನದ ದ್ವಾರವೋ, ಮ್ಯಾಪಿನ ಪಿನ್. ಡಿಸೆಂಬರಲ್ಲಿ ನೀರು ಇರುದಿಲ್ಲ, ಎಲ್ಲಿ ನಿಲ್ತದೆ ಅಂತ ಎಂಜಿನಿಯರಿಗೆ ತೋರಿಸ್ಲಿಕ್ಕೆ ಆ ಫೋಟೋ ಬೇಕಾಗ್ತದೆ.

ಹೆದ್ದಾರಿಗೆ 1033, ರಾಜ್ಯದ ಇಲಾಖೆಗಳಿಗೆ ಜನಸ್ಪಂದನದ 1902. ಈ ನಾಲ್ಕಂಕಿ ನಂಬರುಗಳು ಹೊರದೇಶದ ಸಿಮ್‌ನಿಂದ ಹೋಗುದಿಲ್ಲ, ಊರಲ್ಲಿರುವ ಯಾರಾದ್ರೂ ಮಾಡ್ಬೇಕು. ಹೆದ್ದಾರಿಗೆ ರಾಜಮಾರ್ಗಯಾತ್ರಾ ಅಂತ ಆಪ್ ಉಂಟು, ಕೇಂದ್ರ ಸರ್ಕಾರದ ದೂರಿಗೆ ಸಿಪಿಗ್ರಾಮ್ಸ್ ವೆಬ್‌ಸೈಟ್. ಒಟಿಪಿಗೆ ಬೇಕಾಗ್ತದೆ, ಊರಿನ ಸಿಮ್ ರೋಮಿಂಗಲ್ಲಿ ಜೀವಂತ ಇಟ್ಕೊಳ್ಳಿ. ದೂರಿನ ನಂಬರ್ ಬರೆದಿಟ್ಕೊಳ್ಳಿ.

ಇದಕ್ಕಿಂತ ಕೆಲಸಕ್ಕೆ ಬರುವ ಒಂದು ಪ್ರಶ್ನೆ ಉಂಟು: ಈ ರಸ್ತೆ ಯಾವಾಗ ಆಯ್ತು, ದೋಷ ಹೊಣೆಗಾರಿಕೆ ಅವಧಿ ಯಾವತ್ತು ಮುಗೀತದೆ? ಅಂದ್ರೆ ಮಿಕ್ಸಿಗೆ ವಾರಂಟಿ ಇದ್ದ ಹಾಗೆ ರಸ್ತೆಗೂ ಇರ್ತದೆ, ಆ ಅವಧಿಯೊಳಗೆ ಕೆಟ್ರೆ ಕಂತ್ರಾಟುದಾರರೇ ಅವರ ಖರ್ಚಲ್ಲಿ ಸರಿ ಮಾಡ್ಬೇಕು. ಎಷ್ಟು ವರ್ಷ ಅಂತ ಟೆಂಡರಲ್ಲಿ ಬರೆದಿರ್ತದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳ್ಬಹುದು, ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐಗೂ ಆಗ್ತದೆ. ಪೌರತ್ವ ಬಿಟ್ಟು ಒಸಿಐ ಕಾರ್ಡ್ ಮಾಡಿದವರಿಗೆ ಆಗುದಿಲ್ಲ, ಆ ಕಾನೂನು ನಾಗರಿಕರಿಗೆ ಮಾತ್ರ. ಇನ್ನು ರಸ್ತೆ ಮಾಡಿದವರ ಲೋಪದಿಂದ ಸಾವೋ ಅಂಗವೈಕಲ್ಯವೋ ಆದ್ರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 198ಎ ಪ್ರಕಾರ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕ್ಲಿಕ್ಕೆ ಅವಕಾಶ ಉಂಟು.

ಅಷ್ಟರವರೆಗೆ ಗಾಡಿ ಓಡಿಸುದು

ಈಗ ನನ್ನ ಟಯರ್. ನಮ್ಮ ಕಾರು ವರ್ಷದ ಹನ್ನೊಂದು ತಿಂಗಳು ಶೆಡ್ಡಲ್ಲಿ ನಿಂತಿರ್ತದೆ, ಅಪ್ಪ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡ್ತಾರೆ. ಓಡಿದ್ದು ಕಡಿಮೆ, ಟಯರ್ ಹೊಸದೇ ಅಂತ ನಾನು ಅಂದ್ಕೊಂಡಿದ್ದೆ. ಒಂದು ರಾತ್ರಿ ನೀರು ತುಂಬಿದ ಹೊಂಡಕ್ಕೆ ಎಡಗಡೆ ಚಕ್ರ ಇಳೀತು, ಬೆಳಿಗ್ಗೆ ನೋಡಿದ್ರೆ ಟಯರಿನ ಕೆನ್ನೆಯಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಗುಳ್ಳೆ. ಪಂಕ್ಚರ್ ಅಂಗಡಿಯವರು ಟಯರ್ ಮೇಲೆ ಬೆರಳಿಟ್ಟು ನಾಲ್ಕು ಅಂಕಿ ತೋರಿಸಿದ್ರು, 2317. ಅಂದ್ರೆ 2017ರ 23ನೇ ವಾರ ತಯಾರಾದದ್ದು. "ಓಡದಿದ್ರೂ ರಬ್ಬರಿಗೆ ವಯಸ್ಸಾಗ್ತದೆ ಸರ್." ಒಳಗಿನ ನೂಲು ಕಡಿದಿದೆ, ಇನ್ನು ಓಡಿಸ್ಬೇಡಿ ಅಂದ್ರು.

ಇನ್ಶೂರೆನ್ಸಿಗೆ ಕೇಳಿದೆ, ಸಿಗಲಿಲ್ಲ. ಕಾರಣ ಪಾಲಿಸಿಯಲ್ಲೇ ಬರೆದಿತ್ತು, ನಾನು ಓದಿರ್ಲಿಲ್ಲ. ಸಾಮಾನ್ಯ ಫುಲ್ ಪಾಲಿಸಿಯಲ್ಲಿ ಟಯರ್ ಮಾತ್ರ ಹೋದ್ರೆ ಕೊಡುದಿಲ್ಲ, ಅದರ ಜೊತೆ ಗಾಡಿಗೂ ಪೆಟ್ಟಾದ್ರೆ ಟಯರಿನ ಅರ್ಧ ಬೆಲೆ. ನಿಂತ ನೀರಿಗೆ ಇಳಿಸಿ ಎಂಜಿನಿನ ಒಳಗೆ ನೀರು ಹೋದ್ರೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಇದ್ರೆ ಮಾತ್ರ. ಥರ್ಡ್ ಪಾರ್ಟಿ ಮಾತ್ರ ಮಾಡಿಸಿದವರಿಗೆ ತಮ್ಮ ಗಾಡಿಗೆ ಎಂತದೂ ಇಲ್ಲ.

ಓಡಿಸುವಾಗ ನಾವು ಗಲ್ಫಿನವರು ಮಾಡುವ ತಪ್ಪು ಎರಡು. ಒಂದು, ಅಲ್ಲಿ ಎಡಗಡೆ ಕೂತು ರಸ್ತೆಯ ಬಲಬದಿಯಲ್ಲಿ ಓಡಿಸಿ ಅಭ್ಯಾಸ, ಇಲ್ಲಿ ಬಂದು ಬಲಗಡೆ ಕೂತಾಗ ಕಾರಿನ ಎಡ ಚಕ್ರ ಎಲ್ಲಿ ಉಂಟು ಅನ್ನುವ ಅಂದಾಜು ನಾಲ್ಕೈದು ದಿನ ತಪ್ತದೆ, ನಮ್ಮ ಹೊಂಡ ಜಾಸ್ತಿ ಇರುದು ಎಡ ಅಂಚಲ್ಲೇ. ಇನ್ನೊಂದು, ಹೊಂಡ ಕಂಡ ಕೂಡ್ಲೇ ಬ್ರೇಕ್ ಒತ್ತಿ ಹಿಡ್ಕೊಂಡೇ ಇಳಿಸುದು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬಂದು ಸಸ್ಪೆನ್ಶನ್ ಆಗ್ಲೇ ಕುಗ್ಗಿರ್ತದೆ, ಪೆಟ್ಟು ತಡ್ಕೊಳ್ಲಿಕ್ಕೆ ಅದಕ್ಕೆ ಜಾಗ ಇರುದಿಲ್ಲ. ಮೊದಲೇ ನಿಧಾನ ಮಾಡಿ, ಇಳಿಯುವ ಹೊತ್ತಿಗೆ ಬ್ರೇಕ್ ಬಿಡಿ. ಬದಿಗೆ ತಪ್ಪಿಸುವ ಮೊದಲು ಕನ್ನಡಿ ನೋಡಿ, ಹಿಂದೆ ಎಕ್ಸ್‌ಪ್ರೆಸ್ ಬಸ್ ಇದ್ರೆ ಹೊಂಡಕ್ಕೇ ಇಳಿಸುದು ಕ್ಷೇಮ, ತಮಾಷೆಗೆ ಹೇಳುದಲ್ಲ. ಅಪ್ಪ ಅಮ್ಮನ ಸ್ಕೂಟರನ್ನು ಮಳೆಗಾಲದಲ್ಲಿ ರಾತ್ರಿ ಹೊರಗೆ ತೆಗೀದ ಹಾಗೆ ಮಾಡಿದ್ರೆ ಅರ್ಧ ಚಿಂತೆ ಕಡಿಮೆ, ನೀರು ತುಂಬಿದ ಹೊಂಡ ಕತ್ತಲಲ್ಲಿ ಬರೀ ಒದ್ದೆ ರಸ್ತೆ ಹಾಗೇ ಕಾಣ್ತದೆ.

ಟಯರ್ ತಿಂದ, ನಮ್ಮ ಮನೆ ತಿರುವಿನ ಆ ಹೊಂಡಕ್ಕೆ ನವೆಂಬರಲ್ಲಿ ಶಾರ್ಜಾದಿಂದಲೇ ದೂರು ಹಾಕಿದೆ, ಕೊಡೆ ಇಟ್ಟ ಫೋಟೋ ಸಮೇತ. ಮೊದಲ ಕಚೇರಿ ನಮ್ಮದಲ್ಲ ಅಂತು, ಎರಡನೆಯದ್ದು ತಗೊಂಡಿತು. ಫೆಬ್ರವರಿಯಲ್ಲಿ ಅಮ್ಮ ಫೋನ್ ಮಾಡಿ ಚೌಕ ಕತ್ತರಿಸಿ ಡಾಮರು ಹಾಕಿ ಹೋದ್ರು, ಚರಂಡಿಯ ಹುಲ್ಲೂ ತೆಗೆದ್ರು ಅಂದ್ರು. ಮೊನ್ನೆ ಮತ್ತೆ ಫೋನ್: "ನಾಲ್ಕು ಜನ ಟೇಪ್ ಹಿಡ್ಕೊಂಡು ರಸ್ತೆ ಅಳೀತಾ ಇದ್ದಾರೆ ಮಗಾ. ಯಾರಂತ ಕೇಳಿದೆ, ಪೈಪಿನವರಂತೆ."